417ನೇ ಸ್ಕೂಟರಿನ ಮಹಿಮೆ

“ಇಳಿಯೇ ಕೆಳಗೆ! ದೇವರ ಮೇಲೆ ಕಾಲು ಹಾಕ್ತೀಯಲ್ಲ, ಬುದ್ಧಿ ಇದೆಯಾ ನಿಂಗೆ?”

ಚಾಂಥ್ರಾ ದೊಡ್ಡಮ್ಮ ಗದರಿದ್ದಕ್ಕೆ ವಿಲಾವನ್ ಎತ್ತಿದ ಕಾಲನ್ನು ಹಾಗೇ ಇಳಿಸಿದಳು. ನೊಂಥಬುರಿ ಪಟ್ಟಣದ ಆ ಗಲ್ಲಿಯ ತುದಿಯಲ್ಲಿ ನಿಂತಿದ್ದದ್ದು ಫೋನಿನಲ್ಲಿ ಬಾಡಿಗೆಗೆ ಹಿಡಿದು, ಇಳಿದ ಕಡೆ ಬಿಟ್ಟು ಹೋಗುವ ಎಲೆಕ್ಟ್ರಿಕ್ ಸ್ಕೂಟರು, ನಂಬರು 417. ಹದಿನೈದು ದಿನದ ಹಿಂದೆ ಅದೇ ಮೂರು ಅಂಕಿಗೆ ದೊಡ್ಡಮ್ಮನಿಗೆ ಲಾಟರಿ ಹೊಡೆದಿತ್ತು. ಈಗ ಅದರ ಕನ್ನಡಿಗಳಿಗೆ ಮಲ್ಲಿಗೆ ಹಾರ, ಹ್ಯಾಂಡಲಿಗೆ ಬಣ್ಣಬಣ್ಣದ ಬಟ್ಟೆ, ಚಕ್ರದ ಮುಂದೆ ನೈವೇದ್ಯಕ್ಕೆ ಸ್ಟ್ರಾ ಹಾಕಿಟ್ಟ ಕೆಂಪು ಸೋಡಾ ಬಾಟಲಿಗಳು. ಇವತ್ತು ಮತ್ತೆ ಲಾಟರಿ. ಬೈಕ್ ಟ್ಯಾಕ್ಸಿಯವರು ಕೂಡ ತಮ್ಮ ಬೈಕುಗಳಿಗೆ ಬೀಗ ಜಡಿದು ಇದರೆದುರು ಕೈಮುಗಿದು ಕೂತಿದ್ದರು. ದೊಡ್ಡಮ್ಮ ಸೀಟಿನ ಮೇಲೆ ಪೌಡರು ಉಜ್ಜಿ, ಕನ್ನಡಕ ಏರಿಸಿ, ಈ ಸಲ ಗೆಲ್ಲುವ ಅಂಕಿ ಮೂಡಿದೆಯೇ ಎಂದು ಹುಡುಕುತ್ತಿದ್ದಳು.

“ದೊಡ್ಡಮ್ಮಾ, ಎಂಟೂವರೆಗೆ ಗೋದಾಮಲ್ಲಿರ್ಬೇಕು ನಾನು. ಎರಡು ಸಲ ತಡ ಆಗಿದೆ, ಇನ್ನೊಂದು ಸಲ ಆದ್ರೆ ಕೆಲಸ ಹೋಯ್ತು. ಸುತ್ತಮುತ್ತ ಚಾರ್ಜ್ ಇರೋದು ಇದೊಂದೇ!”

“ಇರದೆ ಏನು? ಹದಿನೈದು ದಿನದಿಂದ ಯಾರೂ ಹತ್ತಿಲ್ಲ. ನಡ್ಕೊಂಡು ಹೋಗು, ಮೈಗೆ ಒಳ್ಳೇದು.”

ವಿಲಾವನ್‌ಗೆ ಅಳುವೇ ಬಂತು. ಎಂಟು ತಿಂಗಳು ಅಲೆದು ಗಿಟ್ಟಿಸಿದ ಕೆಲಸ. ವಾದಕ್ಕೆ ನಿಲ್ಲದೆ ಫೋನಿನಲ್ಲಿ ಬಾಡಿಗೆಯ ಗುಂಡಿ ಒತ್ತಿಬಿಟ್ಟಳು. ಸ್ಕೂಟರು ಟೊಂಯ್ ಎಂದಿತು. ದೀಪ ಎರಡು ಸಲ ಮಿನುಗಿತು. ಒಳಗಿನಿಂದ ಹೆಣ್ಣು ದನಿಯೊಂದು, “ವಿಲಾವನ್ ಅವರೇ, ಬನ್ನಿ” ಎಂದು ಕರೆಯಿತು.

ದೊಡ್ಡಮ್ಮ ದೊಪ್ಪನೆ ಮಂಡಿಯೂರಿದಳು.

“ಹೆಸರು ಹಿಡಿದು ಕರೀತಲ್ರೋ! ನನ್ನ ಒಂದಿನಾನೂ ಕರೀಲಿಲ್ಲ,” ಎಂದು ಬೈಕ್ ಟ್ಯಾಕ್ಸಿಯವನೊಬ್ಬ ಹೊಟ್ಟೆ ಉರಿಸಿಕೊಂಡ.

“ಹತ್ತು ತಾಯಿ, ಹತ್ತು. ಆದ್ರೆ ದೇವರು ಹೊರಟ ಮೇಲೆ ಮೆರವಣಿಗೆ ಇಲ್ದೆ ಆಗುತ್ತಾ?” ಎಂದಳು ದೊಡ್ಡಮ್ಮ.

“ಬೇಡ ದೊಡ್ಡಮ್ಮಾ, ಟೈಮಿಲ್ಲ!”

“ಟೈಮ್ ಬಿಡು, ದೇವರು ಕೊಟ್ಟ ಲಾಟರಿ ನಂಬರ್ ಹೇಳು.”

ಡೋಲು ಬಂತು, ತಾಳ ಬಂತು, ಮುಂದೆ ಕುಣಿಯಲು ಅಜ್ಜಿಯರ ದಂಡೇ ಬಂತು. ನಲವತ್ತರ ವೇಗದಲ್ಲಿ ಓಡಬೇಕಾದ ಸ್ಕೂಟರು ಅಜ್ಜಿಯರ ಹಿಂದೆ ಹೆಜ್ಜೆಗೊಮ್ಮೆ ನಿಂತು ಸಾಗಿತು. ಇಳಿದು ಓಡೋಣವೆಂದರೆ ಮಂತ್ರಿಸಿದ ದಾರದಿಂದ ಅವಳ ಎರಡೂ ಕೈಗಳನ್ನು ಹ್ಯಾಂಡಲಿಗೆ ಬಿಗಿದಿದ್ದರು. ಬಿಸಿಲು ತಾಗದಿರಲೆಂದು ಛತ್ರಿ ಹಿಡಿದದ್ದೂ ಸ್ಕೂಟರಿಗೇ, ಅವಳಿಗಲ್ಲ.

ಗೋದಾಮಿನ ಗೇಟಿನಲ್ಲಿ ಮೇಲ್ವಿಚಾರಕ ಪ್ರಸೋಂಗ್ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ದಾರ ಬಿಚ್ಚಿಸಿಕೊಂಡು ಓಡಿ ಬಂದ ವಿಲಾವನ್ ಹಾಜರಿ ಯಂತ್ರಕ್ಕೆ ಬೆರಳು ಒತ್ತಿದಳು. ಅದು 9:52 ಎಂದು ತೋರಿಸಿತು.

“ಮೂರನೇ ಸಲ. ನಾಳೆಯಿಂದ ಬರ್ಬೇಡ,” ಎಂದ ಪ್ರಸೋಂಗ್.

“ಸಾರ್, ಒಂದು ಮಾತು...”

ಅವನು ಕೇಳಿಸಿಕೊಳ್ಳಲಿಲ್ಲ. ಹಾರ ಹೊತ್ತ ಸ್ಕೂಟರನ್ನು ನೋಡಿದ, ಯಂತ್ರದ ಮೇಲಿನ ಅಂಕಿಯನ್ನು ನೋಡಿದ, ಮೆಲ್ಲಗೆ ಬೂಟು ಕಳಚಿ ಕೈಮುಗಿದ. ಆಮೇಲೆ ಗೋಡೆಯತ್ತ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ:

“ಅಕ್ಕಾ, ಒಂಬತ್ತು ಐದು ಎರಡರ ಲಾಟರಿ ಟಿಕೆಟ್ ಉಳಿದಿದೆಯಾ? ಇದ್ದಷ್ಟೂ ನಂಗೇ ಇಡು.”