ಮೂರನೆಯ ಬಾಟಲಿ

ಎರಡು ವರ್ಷಗಳ ಹಿಂದೆ ಪ್ರಯೋಗಾಲಯಕ್ಕೆ ಮೂರು ಬಾಟಲಿಗಳು ಬಂದಿದ್ದವು. ಎರಡರಲ್ಲಿ ಸತ್ತ ಹೆಂಗಸಿನ ಜಠರ ಮತ್ತು ಯಕೃತ್ತಿನ ತುಂಡುಗಳು, ಕೆಡದಂತೆ ಉಪ್ಪುನೀರಿನಲ್ಲಿ ಮುಳುಗಿದ್ದವು. ಮೂರನೆಯದರಲ್ಲಿ, ಅವೆರಡಕ್ಕೂ ನೀರು ಸುರಿದಿದ್ದ ಆಸ್ಪತ್ರೆಯ ಅದೇ ಕ್ಯಾನಿನಿಂದ ಹಿಡಿದ ಬರೀ ಉಪ್ಪುನೀರು. ಅದು ಹೆಣವನ್ನು ಮುಟ್ಟಿಯೇ ಇರಲಿಲ್ಲ. ನಿಯಮದ ಪ್ರಕಾರ ಅದನ್ನೂ ಪರೀಕ್ಷಿಸಬೇಕು. ಆದರೆ ಮೊದಲೆರಡರಲ್ಲಿ ಕೀಟನಾಶಕ ಸಿಕ್ಕಿದ ಕೂಡಲೇ ಪ್ರಯೋಗಾಲಯದ ಪರೀಕ್ಷಕಿ ವರದಿ ಬರೆದು ಸಹಿ ಹಾಕಿಬಿಟ್ಟಿದ್ದಳು. ಕಪಾಟಿನ ತುಂಬ ಬೇರೆ ಬಾಟಲಿಗಳು ಕಾಯುತ್ತಿದ್ದವು. ಹೆಂಡತಿಗೆ ವಿಷ ಹಾಕಿದನೆಂದು ಗಂಡ ಜೈಲು ಸೇರಿದ.

ಈಗ ಅವನ ವಕೀಲರು ಪಟ್ಟು ಹಿಡಿದಿದ್ದರಿಂದ ಕೋರ್ಟು ಮೂರನೆಯದನ್ನೂ ಪರೀಕ್ಷಿಸಲು ಹೇಳಿತ್ತು. ವರದಿ ಒಯ್ಯಲು ಪೇದೆ ಈರಣ್ಣ ಬಂದ.

"ಇನ್ನಿದು ಬೇಕಾಗಲ್ವೇನೋ ಮೇಡಂ," ಎಂದ, ರಿಜಿಸ್ಟರಿನಲ್ಲಿ ಸಹಿ ಮಾಡುತ್ತ. "ಆವಯ್ಯ ಸೋಮವಾರ ಜೈಲಲ್ಲೇ ನೇಣು ಹಾಕ್ಕೊಂಡ."

ಅವಳು ಲಕೋಟೆಗೆ ಅರಗು ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ.

"ಏನಾದ್ರೂ ಬರೆದಿಟ್ಟಿದ್ನಾ?"

"ಏನೂ ಇಲ್ಲ. ಮಾಡಿದ್ದು ಮನಸ್ಸಿಗೆ ಚುಚ್ಚಿರುತ್ತೆ, ಬಿಡಿ."

ಕರಗಿದ ಅರಗಿನ ಒಂದು ಹನಿ ಹೆಬ್ಬೆರಳ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಮೊಹರು ಒತ್ತಿ, ಆರುವ ತನಕ ಕಾದು, ಲಕೋಟೆಯನ್ನು ಅವನತ್ತ ಸರಿಸಿದಳು.

"ಟೀ ಕುಡೀತೀರಾ ಈರಣ್ಣ?"

"ಬೇಡ ಮೇಡಂ, ಬಸ್ ಹೋಗ್ಬಿಡುತ್ತೆ." ಅವನು ಲಕೋಟೆಯನ್ನು ಚೀಲದಲ್ಲಿಟ್ಟು ಬಾಗಿಲವರೆಗೆ ಹೋಗಿ ತಿರುಗಿದ. "ಅಲ್ಲಾ, ಬರೀ ಉಪ್ಪುನೀರಲ್ಲಿ ಏನ್ ಸಿಕ್ಕೀತು?"

"ಅದೇ ವಿಷ," ಎಂದಳು. "ಅಷ್ಟೇ ಪ್ರಮಾಣ."