ಹಿಂದಿನಿಂದ ಕರೆದರೆ

ಧನುರ್ಮಾಸದ ಒಂದು ಭಾನುವಾರ, ಮಂಜು ಕರಗಿ ಎಳೆಬಿಸಿಲು ಲಕ್ಕೂರಿನ ಮನೆಗಳ ಜಗಲಿಗೆ ಏರುವ ಹೊತ್ತು. ಗಂಗರತ್ನಮ್ಮ ಬೀದಿಗೆ ಮುಖ ಮಾಡಿ ಜಗಲಿಯ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಅವಳ ಬೆನ್ನ ಹಿಂದೆ, ಬಾಗಿಲ ಒಳಗೆ, ಮಗ ಅಮರನಾಥ್ ನಿಂತಿದ್ದ.

"ಅಮ್ಮಾ," ಎಂದ.

"ಏನ್ ನಾಯ್ನಾ?" ಅವಳು ತಿರುಗಿದಳು.

"ತಿರುಗಬಾರ್ದು ಅಂತ ಈಗ ತಾನೆ ಹೇಳ್ಲಿಲ್ವಾ?"

"ಅಯ್ಯೋ, ಮರ್ತೇ ಹೋಯ್ತು. ಇನ್ನೊಂದ್ಸಲ ಕೂಗು."

ಅಮರನಾಥನಿಗೆ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಸಂಬಳದಲ್ಲಿ ಹಿಡಿದ ಆದಾಯ ತೆರಿಗೆಯನ್ನು ವಾಪಸು ಕೊಡಿಸುತ್ತೇನೆಂದು ಏಜೆಂಟ್ ಕದಿರೇಶ್ ಮಳೆಗಾಲದಲ್ಲಿ ಅಲ್ಲಿನ ಎಷ್ಟೋ ಜನರ ರಿಟರ್ನ್ ತುಂಬಿದ್ದ. ಮನೆಯಲ್ಲಿ ಅಂಗವಿಕಲರನ್ನು ಸಾಕುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟು. ಅದಕ್ಕಾಗಿ ಅಮರನಾಥನ ತಾಯಿಯನ್ನು ಕದಿರೇಶ್ ರಿಟರ್ನಿನಲ್ಲಿ ಕಿವುಡಿ ಮಾಡಿದ್ದ. ವಾಪಸು ಬಂದ ಹಣ ರೇಷ್ಮೆಹುಳು ಸಾಕುವ ಮನೆಯ ಮೇಲೆ ಹೊಸ ಶೀಟಾಗಿ ಕೂತಿತ್ತು. ಈಗ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬಂದಿತ್ತು. ತಪ್ಪು ರಿಯಾಯಿತಿ ಪಡೆದಿದ್ದರೆ ತಿಂಗಳು ಮುಗಿಯುವುದರೊಳಗೆ ರಿಟರ್ನ್ ತಿದ್ದಿ, ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕು. ಇಲ್ಲದಿದ್ದರೆ ಮುಂದೆ ದಂಡ.

"ಕಟ್ಟೋದ್ಯಾಕೆ?" ಎಂದಿದ್ದ ಕದಿರೇಶ್. "ಸೋಮವಾರ ನಿಮ್ಮಮ್ಮನ್ನ ಕೋಲಾರಕ್ಕೆ ಕರ್ಕೊಂಡ್ಬಾ. ಕಿವಿ ಡಾಕ್ಟ್ರ ಮುಂದೆ ಏನೂ ಕೇಳಿಸ್ದಂಗೆ ಕೂತ್ಕೊಂಡ್ರೆ ಸರ್ಟಿಫಿಕೇಟ್ ಸಿಗುತ್ತೆ. ಕೈಕಾಲಾದ್ರೆ ಕಾಣುತ್ತೆ. ಕಿವಿ ಯಾರಿಗೆ ಕಾಣುತ್ತೆ?"

ಅಮರನಾಥ್ ಮತ್ತೆ ಕರೆದ. ಅವಳ ಕತ್ತು ಅರ್ಧ ತಿರುಗಿ ನಿಂತಿತು. ತಿರುಗಿದ್ದು ಗೊತ್ತಾಗಿ ತಾನೇ ನಕ್ಕಳು.

ಹುಳುವಿನ ಮನೆಯಿಂದ ಖಾಲಿ ಕುಕ್ಕೆ ಹಿಡಿದು ಬಂದ ಸೊಸೆ ಸುನಂದ ಇದನ್ನು ನೋಡಿದಳು. "ಅತ್ತೆ ಕಿವುಡೀನಾ? ಹುಳ ಸೊಪ್ಪು ಮೇಯ್ತಾ ಇದಾವೋ ಬಿಟ್ಟಿದಾವೋ ಅಂತ ಮಲಗಿದ್ದ ಕಡೆಯಿಂದ್ಲೇ ಹೇಳ್ತಾರೆ. ನಾನು ಒಲೆ ಮುಂದೆ ಬಾಯೊಳಗೆ ಗೊಣಗಿದ್ರೂ ಆಚೆಯಿಂದ ಉತ್ರ ಬರುತ್ತೆ. ಆ ಡಾಕ್ಟ್ರು ನನ್ನ ಕೇಳ್ಲಿ, ನಾನು ಬರ್ಕೊಡ್ತೀನಿ."

"ನೀನು ಸುಮ್ನಿರೇ."

"ಇರೋ ಕಿವಿನ ಇಲ್ಲ ಅನ್ಬೇಡಿ. ಬಿಡ್ತು ಅನ್ನಿ," ಎಂದು ಅವಳು ಒಳಗೆ ಹೋದಳು.

"ಅವಳ ಮಾತಿಗೆ ಏನು, ಬಿಡು," ಎಂದಳು ಗಂಗರತ್ನಮ್ಮ. "ಡಾಕ್ಟ್ರು ಸೂಜಿಗೀಜಿ ಚುಚ್ತಾರೇನೋ?"

"ಇಲ್ಲಮ್ಮ."

"ನಿನ್ ಕೆಲ್ಸಕ್ಕೆ ತೊಂದ್ರೆ ಆಗಲ್ಲ ತಾನೆ? ಮತ್ತಿನ್ನೇನು, ಕೂಗು."

ಅವನು ಮೆಲ್ಲಗೆ ಕರೆದ. ಜೋರಾಗಿ ಕರೆದ. ಹಿತ್ತಲಿಗೆ ಹೋಗಿ ಅಲ್ಲಿಂದ ಕರೆದ. ಎಲ್ಲಿಂದ ಕರೆದರೂ ಅವಳು ತಿರುಗಿದಳು.

"ನಿನ್ ಕೈಲಿ ಇಷ್ಟೂ ಆಗಲ್ವಾ?" ಅಮರನಾಥ್ ರೇಗಿದ.

"ಬೇಕೂಂತ ತಿರುಗ್ತೀನೇನೋ? ನೀನು ಕೂಗಿದ್ರೆ ಕತ್ತು ತಾನಾಗೇ ತಿರುಗುತ್ತೆ. ನೀನು ತೊಟ್ಲಲ್ಲಿದ್ದಾಗ್ಲಿಂದ ಹಂಗೇ."

ಅವನು ಮತ್ತೆ ಬಾಗಿಲ ಒಳಗೆ, ಅವಳ ಬೆನ್ನ ಹಿಂದೆ ನಿಂತ. ಆಸ್ಪತ್ರೆಯಲ್ಲಿ ಹೆಸರು ಹಿಡಿದು ಕರೆಯುತ್ತಾರೆ ಎಂಬುದು ಹೊಳೆಯಿತು. ಹೆತ್ತವಳ ಹೆಸರನ್ನು ಮಕ್ಕಳು ಬಾಯಿಬಿಟ್ಟು ಕೂಗುವುದು ಆ ಮನೆಯಲ್ಲಿ ಎಂದೂ ಇದ್ದದ್ದಲ್ಲ. ಆದರೂ ಕರೆದ.

"ಗಂಗರತ್ನಮ್ಮ."

ಅವರೆಕಾಳೊಂದು ಸಿಪ್ಪೆಯಿಂದ ಜಾರಿ ಪಾತ್ರೆಗೆ ಬಿತ್ತು. ಇನ್ನೊಂದು ಬಿತ್ತು. ಅವಳು ತಿರುಗಲಿಲ್ಲ.

"ಗಂಗರತ್ನಮ್ಮ," ಈ ಸಲ ಗಟ್ಟಿಯಾಗಿ. ಎದುರು ಮನೆಯ ಶಾಮಲಮ್ಮ ಗುಡಿಸುವುದು ನಿಲ್ಲಿಸಿ ಇತ್ತ ನೋಡಿದಳು. ಗಂಗರತ್ನಮ್ಮನ ತಲೆ ಅಲುಗಲಿಲ್ಲ.

ಅಮರನಾಥ್ ಅವಳ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. "ಕೇಳಿಸ್ಲಿಲ್ವಾ?"

"ಕೇಳಿಸ್ತು. ರೇಷನ್ ಅಂಗಡೀಲಿ, ಬ್ಯಾಂಕಲ್ಲಿ ಕೂಗ್ತಾರಲ್ಲ, ಹಂಗಿತ್ತು. ಅಲ್ಲೂ ಅಷ್ಟೆ, ಯಾರನ್ನೋ ಕೂಗ್ತಾವ್ರೆ ಅನ್ಸುತ್ತೆ. ಪಕ್ಕದೋರು ತಿವಿದ್ರೇನೇ ನಾನು ಏಳೋದು." ಅವಳ ಮುಖ ಅರಳಿತು. "ನೋಡ್ದಾ, ಸರಿಹೋಯ್ತು. ನಾಳೆ ಡಾಕ್ಟ್ರ ಮುಂದೆ ಹಿಂಗೇ ಕೂಗು. ಅಮ್ಮ ಅಂತ ಮಾತ್ರ ಬಾಯಿಗೆ ತರ್ಬೇಡ ಕಣೋ, ಸಿಕ್ಕಾಕೊಂಡ್ಬಿಡ್ತೀವಿ."

ಅವನು ನೆನೆದ ಕಾಳಿಗೆ ಕೈ ಹಾಕಿ ತಾನೂ ನಾಲ್ಕು ಹಿತುಕಿದ. ಒಂದೂ ನೆಟ್ಟಗೆ ಬರಲಿಲ್ಲ.

ಮಾರನೆಯ ಬೆಳಗ್ಗೆ ಗಂಗರತ್ನಮ್ಮ ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟು, ಬೆಳಕು ಹರಿಯುವ ಮೊದಲೇ ಜಗಲಿಯ ಮೇಲೆ ಕೂತಿದ್ದಳು. ಅಮರನಾಥ್ ಚಪ್ಪಲಿ ಮೆಟ್ಟಿಕೊಂಡು ಬಂದ.

"ನೀನು ಬರೋದು ಬೇಡಮ್ಮ. ಮಾಲೂರಲ್ಲಿ ಒಬ್ರು ಆಡಿಟರ್ ಇದಾರೆ. ರಿಟರ್ನ್ ತಿದ್ದಿಸ್ತೀನಿ. ದುಡ್ಡು ಸಂಬಳದಲ್ಲಿ ಹೆಂಗೋ ಹೊಂದಿಸ್ತೀನಿ."

ಅವಳಿಗೆ ಅಷ್ಟೆಲ್ಲ ಅರ್ಥವಾಗಲಿಲ್ಲ. ತಾನು ಬೇಡವಾದದ್ದು ಮಾತ್ರ ಅರ್ಥವಾಯಿತು.

"ನನ್ ಕೈಲಿ ಆಗಲ್ಲ ಅಂತ ಬಿಟ್ಟು ಹೋಗ್ತಿದ್ದೀಯೇನೋ?" ಎಂದಳು. "ಈಗ ಬೇಕಾದ್ರೆ ಅಮ್ಮ ಅಂತ್ಲೇ ಕೂಗಿ ನೋಡು. ತಿರುಗಲ್ಲ."

ಅಮರನಾಥ್ ಕೂಗಲಿಲ್ಲ. ಮಾಲೂರಿನ ಮೊದಲ ಬಸ್ಸಿಗೆ ಅವನು ಒಬ್ಬನೇ ಹೋದ. ಕದಿರೇಶ್ ಕೋಲಾರಕ್ಕೆ ಬರಹೇಳಿದ್ದ ಸೋಮವಾರ ಅದು.