ಮಲಾವಿಗೆ ಹೊರಟ ಅಕ್ಕೋರು

ಹುಬ್ಬಳ್ಳಿಯ ಸರ್ಕಾರಿ ಶಾಲೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು ನೀಲಾಂಬಿಕಾ ಟೀಚರ್. ಮಕ್ಕಳ ಬಾಯಲ್ಲಿ ಬರೀ "ಅಕ್ಕೋರು".

ನಿವೃತ್ತಿಯಾದ ಮರುವಾರವೇ ಅವರು ಒಂದು ಸ್ವಯಂಸೇವಾ ಸಂಸ್ಥೆಗೆ ಅರ್ಜಿ ಹಾಕಿದರು... ಆಫ್ರಿಕಾದ ಮಲಾವಿ ದೇಶದ ಹಳ್ಳಿ ಶಾಲೆಯಲ್ಲಿ ಒಂದು ವರ್ಷ ಸಂಬಳವಿಲ್ಲದೆ ಪಾಠ ಮಾಡಲು!

ನೆಂಟರೆಲ್ಲ ನಕ್ಕರು. "ಅರವತ್ತಕ್ಕ ಬಂದು ಆಫ್ರಿಕಾ ಯಾಕ ಬೇಕವಾ? ಮೊಮ್ಮಕ್ಕಳನ್ನ ಆಡಿಸ್ಕೊಂತ ಆರಾಮ ಇರಬಾರದ?" ಎಂದರು ನಾದಿನಿ.

ಬಸ್ ಡ್ರೈವರ್ ಆಗಿ ನಿವೃತ್ತರಾಗಿದ್ದ ಗಂಡ ಚನ್ನಬಸಪ್ಪ ಮಾತ್ರ ಹೇಳಿದರು, "ಮೂವತ್ತು ವರ್ಷ ನಾ ಊರೂರು ಬಸ್ ಓಡಿಸೀನಿ. ಒಂದಿನಾನೂ ಹೋಗಬ್ಯಾಡ್ರಿ ಅಂದಾಕಿ ಅಲ್ಲ ನೀ. ಈಗ ನಾ ಹೆಂಗ ಅನ್ಲಿ? ಹೋಗಿ ಬಾ."

ಪಾಸ್‌ಪೋರ್ಟ್ ಬಂತು. ಆದರೆ ಆನ್‌ಲೈನ್ ಇಂಟರ್‌ವ್ಯೂನಲ್ಲಿ ಟೀಚರ್ ಫೇಲ್ ಆದರು!

"ಟೀಚರ್, ಮಾದರಿ ಪಾಠದಲ್ಲಿ ನೀವು ಇಪ್ಪತ್ತು ನಿಮಿಷ ಚೆನ್ನಾಗೇ ಮಾತಾಡಿದ್ರಿ," ಎಂದಳು ಸಂಸ್ಥೆಯ ಹುಡುಗಿ. "ಆದರೆ ನೀವೊಬ್ಬರೇ ಮಾತಾಡಿದ್ರಿ. ಅಲ್ಲಿನ ಚಿಕ್ಕ ಮಕ್ಕಳಿಗೆ ಕನ್ನಡ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಆಗ ಏನ್ ಮಾಡ್ತೀರಿ?"

ಟೀಚರ್ ಮತ್ತೆ ಮಾತಿನಲ್ಲೇ ವಿವರಿಸಲು ಹೋದರು.

"ಆರು ತಿಂಗಳು ಬಿಟ್ಟು ಮತ್ತೆ ಟ್ರೈ ಮಾಡಿ," ಎಂದಳು ಹುಡುಗಿ.

ಆ ದಿನ ಅವರಿಗೆ ಊಟ ಸೇರಲಿಲ್ಲ. ಆದರೆ ಸುಮ್ಮನೆ ಕೂರುವ ಜೀವ ಅದಲ್ಲ.

ಮನೆಯ ಹಿಂದಿನ ರಸ್ತೆಯಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಒಡಿಶಾದಿಂದ ಬಂದ ಕೆಲಸಗಾರರು ತಗಡಿನ ಶೆಡ್‌ಗಳಲ್ಲಿ ಇದ್ದರು. ಅವರ ಮಕ್ಕಳು ಇಡೀ ದಿನ ಮರಳಿನ ಗುಡ್ಡೆಯ ಮೇಲೆ... ಶಾಲೆಯೂ ಇಲ್ಲ, ಏನೂ ಇಲ್ಲ.

"ಭಾಷೆ ಬರದ ಮಕ್ಕಳು ಮಲಾವಿಯಲ್ಲೇ ಯಾಕೆ, ಇಲ್ಲೇ ಇದ್ದಾರಲ್ಲ!" ಎನಿಸಿತು ಟೀಚರ್‌ಗೆ.

ಮರುದಿನ ಬೆಳಿಗ್ಗೆ ಏಳಕ್ಕೇ ಸ್ಲೇಟು ಹಿಡಿದು ಹೋದರು. ಪಾಠ ಶುರು ಮಾಡಿದ ಎರಡೇ ನಿಮಿಷಕ್ಕೆ ಮಕ್ಕಳೆಲ್ಲ ಓಡಿಹೋದರು.

ಎರಡನೇ ದಿನವೂ ಹಾಗೇ ಆಯಿತು.

ಮೂರನೇ ದಿನ ಟೀಚರ್ ಬಾಯಿ ಬಿಡಲೇ ಇಲ್ಲ. ಮರಳಿನ ಮೇಲೆ ಕೂತು ಟೈಲ್ಸ್ ಚೂರುಗಳನ್ನು ಸಾಲಾಗಿ ಇಡತೊಡಗಿದರು. ಮಿನಿ ಎಂಬ ಏಳು ವರ್ಷದ ಹುಡುಗಿ ಮೆಲ್ಲಗೆ ಹತ್ತಿರ ಬಂದು ಒಂದೊಂದನ್ನೇ ಮುಟ್ಟಿ ಎಣಿಸಿದಳು... "ಏಕ... ದುಇ... ತಿನಿ..."

ಟೀಚರ್ ಅದನ್ನೇ ಹೇಳಲು ಹೋಗಿ ತಪ್ಪಿದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು! ಮಿನಿ ಥೇಟ್ ಮೇಡಂ ಥರ ಬೆರಳು ಅಲ್ಲಾಡಿಸಿ, ಮತ್ತೆ ಹೇಳಿ ಎಂದು ಸನ್ನೆ ಮಾಡಿದಳು.

ಮೂವತ್ನಾಲ್ಕು ವರ್ಷ ಪಾಠ ಮಾಡಿದ ಹೆಂಗಸು ಆ ದಿನ ವಿದ್ಯಾರ್ಥಿಯಾಗಿ ಕೂತರು. ಆಮೇಲೆ ಒಂದು ಮಗುವೂ ಓಡಲಿಲ್ಲ.

ಆರು ತಿಂಗಳಲ್ಲಿ ಮಕ್ಕಳ ಸಂಖ್ಯೆ ಇಪ್ಪತ್ಮೂರಾಯಿತು. ಕೂಡುವುದು, ಕಳೆಯುವುದು, ತಮ್ಮ ಹೆಸರು ಬರೆಯುವುದು ಎಲ್ಲ ಬಂತು. ಮಕ್ಕಳಿಗೆ ಕನ್ನಡ ಬಂತು, ಟೀಚರ್‌ಗೆ ಹರಕುಮುರುಕು ಒಡಿಯಾ ಬಂತು.

ಎರಡನೇ ಇಂಟರ್‌ವ್ಯೂನಲ್ಲಿ ಟೀಚರ್ ಐದು ನಿಮಿಷ ಒಂದು ಮಾತೂ ಆಡಲಿಲ್ಲ. ಕ್ಯಾಮೆರಾ ಮುಂದೆ ನಿಂಬೆಹಣ್ಣುಗಳನ್ನು ಇಟ್ಟು, ತೆಗೆದು, ಈಗ ಎಷ್ಟು ಎಂದು ಹುಬ್ಬು ಹಾರಿಸಿ ಕೇಳಿದರು. ಸಂದರ್ಶನ ಮಾಡುತ್ತಿದ್ದ ಮೂವರೂ ಮಕ್ಕಳ ಹಾಗೆ ಕೂಗಿ ಕೂಗಿ ಉತ್ತರ ಹೇಳಿದರು!

ಸೆಲೆಕ್ಟ್ ಆದರು. ಟಿಕೆಟ್ಟೂ ಬಂತು.

ಆದರೆ ಮಿನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳು ಬಂದು ಸೆರಗು ಹಿಡಿದು ಕೇಳಿದಳು, "ಅಕ್ಕೋರ... ನಾಳೆ ಬರ್ತೀರಿ?"

ಟೀಚರ್ ಅವಳ ತಲೆ ಸವರಿ ಮನೆ ಕಡೆ ನಡೆದರು.

ಮನೆಗೆ ಬಂದು ಗಂಡನಿಗೆ ಹೇಳಿದರು, "ಇಲ್ಲಿ ಇಪ್ಪತ್ಮೂರು ಮಕ್ಕಳನ್ನ ನಡುನೀರಾಗ ಬಿಟ್ಟು ಅಲ್ಲಿ ಯಾರಿಗೆ ಕಲಿಸಾಕ ಹೋಗ್ಲಿ? ನಾ ಹೋಗಂಗಿಲ್ಲ."

"ನಿನ್ನಿಷ್ಟ. ಆದ್ರ ಮೊದಲ ಆ ಮಕ್ಕಳ ಅವ್ವಂದಿರನ್ನ ಒಂದ ಮಾತು ಕೇಳು," ಎಂದರು ಚನ್ನಬಸಪ್ಪ.

ಮರುದಿನ ಬೆಳಿಗ್ಗೆ ಕಾಲು ಎಳೆಯುತ್ತಲೇ ಹೊರಟರು. ತಲುಪುವಾಗ ಅರ್ಧ ಗಂಟೆ ತಡವಾಗಿತ್ತು.

ಈಗೀಗ ಪಾಠ ಮಾಡುತ್ತಿದ್ದ ಶೆಡ್ ಹತ್ತಿರ ಬಂದರೆ... ಒಳಗೆ ಪಾಠ ನಡೆಯುತ್ತಿದೆ!

ಕಲಿಸುತ್ತಿದ್ದವಳು ಮಿನಿಯ ತಾಯಿ ಸೇಬತಿ. ಇಟ್ಟಿಗೆ ಹೊರುವ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಲೆಗೆ ಸಿಂಬೆ ಸುತ್ತಿಕೊಂಡೇ, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದಳು.

ಟೀಚರ್‌ನ ಕಂಡು ನಾಚಿದಳು. ಬಂದಷ್ಟು ಕನ್ನಡದಲ್ಲಿ ಹೇಳಿದಳು, "ಸಂಜಿಗೆ ನಾನು ಅನ್ನ ಮಾಡುವಾಗ ಮಿನಿ ನಂಗ ಕಲಿಸ್ತದ ಅಕ್ಕೋರ. ದಿನಾ. ನಾನು ಹೆಸರು ಬರೀತೀನಿ ಈಗ."

ಮಲಾವಿಯ ಸುದ್ದಿ ತಿಳಿದಿದ್ದ ಸೇಬತಿಯೇ ಮುಂದುವರಿಸಿದಳು,

"ಅಲ್ಲಿನೂ ಮಕ್ಕಳು ಅದಾವ. ಅವ್ರ ಅವ್ವನೂ ಅದಾಳ, ನನ್ನ ಹಂಗ. ನೀವು ಹೋಗ್ರಿ. ಇಲ್ಲಿ ನಾನು ಅದೀನಿ."

ಅಷ್ಟು ಮಕ್ಕಳ ಮುಂದೆಯೇ ಟೀಚರ್ ಅತ್ತುಬಿಟ್ಟರು.

ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು, "ಆತು, ಹೋಗ್ತೀನಿ. ಆದ್ರ ಏಳರ ಅಂಕಿ ಬರಿಯೂದು ಹಂಗಲ್ಲ ಸೇಬತಿ. ಇಲ್ಲಿ ಬಾ, ತೋರಸ್ತೀನಿ."

ಹೊರಡಲು ಹನ್ನೆರಡು ದಿನ ಉಳಿದಿತ್ತು. ಅಷ್ಟೂ ದಿನ ಸೇಬತಿ ಕಲಿಸಿದಳು, ಟೀಚರ್ ಮಕ್ಕಳ ಸಾಲಿನಲ್ಲಿ ಕೂತು ಅವಳನ್ನು ತಿದ್ದಿದರು.

ಟೀಚರ್ ಈಗ ಮಲಾವಿಯಲ್ಲಿದ್ದಾರೆ. ಒಂದೇ ತರಗತಿಯಲ್ಲಿ ತೊಂಬತ್ತು ಮಕ್ಕಳು!

ಹುಬ್ಬಳ್ಳಿಯ ಕಟ್ಟಡದ ಕೆಲಸ ಮುಗಿಯಿತು. ಸೇಬತಿಯ ಕುಟುಂಬ ಬಳ್ಳಾರಿಯ ಇನ್ನೊಂದು ಸೈಟಿಗೆ ಹೋಯಿತು. ಕಳೆದ ತಿಂಗಳು ಚನ್ನಬಸಪ್ಪ ಅಲ್ಲಿಗೆ ಹೋಗಿಬಂದರು. ಅಲ್ಲಿ ಇರುವುದೆಲ್ಲ ತೆಲುಗು ಮಕ್ಕಳು. ಸೇಬತಿಗೆ ತೆಲುಗು ಒಂದಕ್ಷರವೂ ಬರುವುದಿಲ್ಲ.

ಆದರೂ ಬೆಳಿಗ್ಗೆ ಏಳಕ್ಕೆ ಒಂಬತ್ತು ಮಕ್ಕಳನ್ನು ಕೂರಿಸಿಕೊಂಡಿದ್ದಳಂತೆ...

ಕಲಿಸಲು ಹೊರಟವರ ಮೊದಲ ತಯಾರಿ, ಕಲಿಯಲು ಕೂರುವುದು.

ನಿಮಗಿಂತ ಚಿಕ್ಕವರ ಮುಂದೆ ನೀವು ವಿದ್ಯಾರ್ಥಿಯಾಗಿ ಕೂತು ಎಷ್ಟು ದಿನವಾಯಿತು?